ನೂರಾ ಎಂಬತ್ತೈದರ ನಾಲ್ಕು ಪಟ್ಟು

ತನ್ನ ಹೆಸರು ಗಾಳಿಯಲ್ಲಿ ಅಟ್ಲಾಂಟಾ ಮುಟ್ಟಬೇಕು ಎನ್ನುವುದು ಬಸವಕುಮಾರನ ಹುಚ್ಚು. ಅಮೆರಿಕದ ಕ್ಲಾರ್ಕ್ಸ್‌ಬರ್ಗಿನ ಮನೆಯ ಹಿತ್ತಲ ಮರಕ್ಕೆ ತಂತಿ ಬಿಗಿದು, ಒಂದು ವ್ಯಾಟಿನ ಟ್ರಾನ್ಸ್‌ಮಿಟರನ್ನು ನೂರಾ ಎಂಬತ್ತೈದು ಕಿಲೋಹರ್ಟ್ಸ್‌ಗೆ ಕೂರಿಸಿದ್ದ. ಅದು ಹಗಲಿರುಳು ಅವನ ಹೆಸರಿನ ಬಿ, ಕೆ ಎಂಬ ಎರಡಕ್ಷರವನ್ನೇ ಮೋರ್ಸ್ ಸಂಕೇತದಲ್ಲಿ ಕೂಗುತ್ತಿತ್ತು: ಒಂದು ಉದ್ದ, ಮೂರು ಗಿಡ್ಡ; ಉದ್ದ, ಗಿಡ್ಡ, ಉದ್ದ. ಅಟ್ಲಾಂಟಾದ ಗೆಳೆಯ ಹರಿಪ್ರಸಾದ ವರ್ಷದಿಂದ ಕಿವಿಗೊಟ್ಟು ಕೂತರೂ ಏನೂ ಕೇಳಿಸಿರಲಿಲ್ಲ. ಬೇಡದ ತರಂಗಗಳನ್ನು ತಡೆಯುವ ಫಿಲ್ಟರಿನ ಕಾಯಿಲ್ ಸುತ್ತುವುದೊಂದು ಬಾಕಿಯಿತ್ತು. ನಾಳೆ ಸುತ್ತಿದರಾಯಿತು ಎಂದು ಮಹಾರಾಯ ಬಸವಕುಮಾರ ವರ್ಷವನ್ನೇ ತಳ್ಳಿದ್ದ.

ಪಕ್ಕದ ಮನೆಯಲ್ಲಿ ಮೈಸೂರಿನ ಸೂರ್ಯನಾರಾಯಣ ಅಂಕಲ್ ಮಗಳು ಹರಿಣಿಯ ಜೊತೆಗಿದ್ದರು. ಭಾನುವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿ ತಮ್ಮ ಹಳೇ ಕಾರಿನೊಳಗೆ ಕೂತು, ಎ.ಎಂ. ರೇಡಿಯೋದ ಏಳುನೂರಾ ನಲವತ್ತು ಕಿಲೋಹರ್ಟ್ಸ್‌ನಲ್ಲಿ ಬರುವ ಅರ್ಧ ಗಂಟೆಯ ಕನ್ನಡ ಕಾರ್ಯಕ್ರಮ ಕೇಳುವುದು ಅವರ ನೇಮ.

ಒಂದು ಭಾನುವಾರ ಬಸವಕುಮಾರ ಮಾತಾಡಿಸಿದಾಗ, ಶನಿವಾರ ಕಾರು ಮಾರುತ್ತಿದ್ದೇವೆ ಎಂದರು. ವರ್ಷದಿಂದ ರೇಡಿಯೋದಲ್ಲಿ ಸಿಳ್ಳೆಯಂತೆ. ಡ್ರೈವ್‌ವೇಯಲ್ಲಿ ತಾನೇ ಕೂತು ಕೇಳದೆ ಹರಿಣಿ ಕಾರನ್ನು ನೇರ ಮೆಕ್ಯಾನಿಕ್ ಹತ್ತಿರ ಒಯ್ದಳು. ಅಲ್ಲಿ ಸಿಳ್ಳೆಯೇ ಇಲ್ಲ. ಹಾಗಾದರೆ ಕೆಟ್ಟಿರುವುದು ಅಪ್ಪನ ಕಿವಿ, ಇನ್ನು ಡ್ರೈವಿಂಗ್ ಬೇಡ ಎಂದು ತೀರ್ಮಾನವಾಯಿತು. ಈಗ ಕೀ ಅವಳ ಬಳಿ. ಭಾನುವಾರ ಅರ್ಧ ಗಂಟೆಗೆ ಮಾತ್ರ ಕೊಡುತ್ತಾಳೆ, ಅದೂ ಕಾರು ಅಲುಗಾಡಬಾರದೆಂಬ ಕರಾರಿನ ಮೇಲೆ.

ಬಸವಕುಮಾರ ಪಕ್ಕದ ಸೀಟಿನಲ್ಲಿ ಕೂತ. ಮಾತಿನ ಮೇಲೆ ಸಿಳ್ಳೆ ತೇಲಿ ಬಂತು. ಒಂದು ಉದ್ದ, ಮೂರು ಗಿಡ್ಡ. ಅವನದೇ ಮೊದಲಕ್ಷರ. ಟ್ರಾನ್ಸ್‌ಮಿಟರ್ ತನ್ನ ಸಂಖ್ಯೆಯ ಪಟ್ಟುಗಳಲ್ಲೂ ಸಣ್ಣಗೆ ಸೋರುತ್ತದೆ; ನೂರಾ ಎಂಬತ್ತೈದರ ನಾಲ್ಕು ಪಟ್ಟು ಏಳುನೂರಾ ನಲವತ್ತು. ಆ ಕಾಯಿಲ್ ಇದ್ದಿದ್ದರೆ ಆ ಸೋರಿಕೆಯನ್ನು ತಡೆಯುತ್ತಿತ್ತು.

ಮನೆಗೆ ಓಡಿ ಸ್ವಿಚ್ ಆರಿಸಿ ಬಂದ. ರೇಡಿಯೋ ತಿಳಿಯಾಗಿತ್ತು. ಅಂಕಲ್ ಎರಡೂ ಕಿವಿ ಮುಟ್ಟಿಕೊಂಡು ನಗುತ್ತಿದ್ದರು. ದೇವರು ದೊಡ್ಡವನು, ಕಿವಿ ತಾನಾಗಿಯೇ ಸರಿಹೋಯಿತು ಎಂದರು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಆಸೆ ಒಂದು ಕ್ಷಣ ಬಸವಕುಮಾರನಿಗೆ ಬಂತು. ಆದರೆ ಶನಿವಾರ ಕಾರು ಹೋಗುತ್ತದೆ.

"ನಿಮ್ಮ ಕಿವಿಗೆ ಏನೂ ಆಗಿದ್ದಿಲ್ರಿ ಅಂಕಲ್. ಆ ಸಿಳ್ಳೆ ನಂದು," ಎಂದು ಎಲ್ಲವನ್ನೂ ಹೇಳಿದ.

ಬೈಸಿಕೊಳ್ಳಲು ತಯಾರಾಗಿದ್ದ. ಅಂಕಲ್ ಬೈಯಲಿಲ್ಲ. ರೇಡಿಯೋ ಆರಿಸಿ, ಕೀ ತೆಗೆದು ಅಂಗೈಯಲ್ಲಿ ಹಿಡಿದರು.

"ಇದನ್ನ ಹರಿಣಿ ಹತ್ರ ನೀನೇ ಹೇಳಪ್ಪ," ಎಂದರು. "ನಾನು ಹೇಳಿದ್ದನ್ನ ಅವಳು ನಂಬೋದು ಬಿಟ್ಟು ವರ್ಷವಾಯ್ತು."

ಬಸವಕುಮಾರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅವರ ಹಿಂದೆ ಒಳಗೆ ಹೋದ.