ಬಿಗಿದವರು ಯಾರು

ಭಾನುವಾರ ಬೆಳಗ್ಗೆ ಗಡಿಯಾರ ರಿಪೇರಿಯವನು ಕಾರಿನ ಮುಂದಿನ ಚಕ್ರಗಳನ್ನು ಎರಡು ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಹಳೆಯ ರಟ್ಟು ಹಾಸಿಕೊಂಡು ಅದರಡಿ ನುಸುಳಿದ. ಎಂಜಿನ್ ಆಯಿಲ್ ಬದಲಿಸುವುದು ಅವನಿಗೆ ಅರ್ಧ ಗಂಟೆಯ ಕೆಲಸ. ಒಂದು ಗಂಟೆಯಾದರೂ ಕೆಳಗಿಟ್ಟ ಟಬ್ಬಿಗೆ ಒಂದು ತೊಟ್ಟೂ ಬಿದ್ದಿರಲಿಲ್ಲ. ಆಯಿಲ್ ಇಳಿಸುವ ಬೋಲ್ಟು ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಸ್ಪ್ಯಾನರ್ ಜಾರಿ ಜಾರಿ ಅದರ ತಲೆಯ ಆರು ಮೂಲೆಗಳೂ ಸವೆದು ಗುಂಡಗಾಗಿದ್ದವು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊರಗೆ ಚಾಚಿದ್ದ ಅವನ ಕಾಲುಗಳನ್ನು ನೋಡುತ್ತಿದ್ದಳು. ಬೇಕರಿಯಲ್ಲಿ ಹದಿನೆಂಟು ವರ್ಷ ಹಿಟ್ಟು ನಾದಿದವಳು ಆಕೆ. ಗಂಡ ಕಾರಿನಡಿಯಿಂದಲೇ ಮೆಕ್ಯಾನಿಕ್‌ನ ಜನ್ಮ ಜಾಲಾಡುತ್ತಿದ್ದ. ಆರು ತಿಂಗಳ ಹಿಂದೆ ತಾನು ಸೊಂಟ ಹಿಡಿದು ಮಲಗಿದ್ದಾಗ ಆಯಿಲ್ ಬದಲಿಸಿದ್ದು ತಿರುವಿನ ಗ್ಯಾರೇಜಿನ ಮೆಕ್ಯಾನಿಕ್ ಎಂದೇ ಅವನು ನಂಬಿದ್ದ.

ನಡೆದದ್ದು ಬೇರೆ. ಅಂದು ಆಕೆ ಹೋದಾಗ ಗ್ಯಾರೇಜಿಗೆ ಬೀಗ ಬಿದ್ದಿತ್ತು. ವರ್ಷಗಟ್ಟಲೆ ಗಂಡನಿಗೆ ಟಾರ್ಚು ಹಿಡಿದು ನೋಡಿದ ಕೆಲಸ, ತಾನೇ ಮಾಡಿದರಾಯಿತು ಎಂದುಕೊಂಡು ಬೇಕರಿಯ ಹಿಂದೆ ಮಾಡಿ ಮುಗಿಸಿದಳು. ಎಲ್ಲಿ ಸೋರೀತೋ ಎಂದು ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆ ತೊಡಿಸಿ, ಮೈಭಾರವನ್ನೆಲ್ಲ ಹಾಕಿ ಬೋಲ್ಟು ಬಿಗಿದಳು. ವಾರದ ಮೇಲೆ ಎದ್ದು ಬಂದ ಗಂಡ ಬಗ್ಗಿ ನೋಡಿ, ಒಂದು ಚೂರು ಜಿಡ್ಡೂ ಇಲ್ಲ, ಕೆಲಸ ಅಂದರೆ ಇದು ಎಂದು ಮೆಕ್ಯಾನಿಕ್‌ನನ್ನು ಬಾಯಿ ತುಂಬ ಹೊಗಳಿದ. ಕೇಳಲು ಹಿತವಾಗಿತ್ತು. ನಿಜ ಹೇಳಿದರೆ ಹೊಗಳಿಕೆ ನಿಂತುಹೋಗುತ್ತದೆ ಎನಿಸಿ ಆಕೆ ಸುಮ್ಮನಾದಳು. ಅವನೋ, ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಆ ಗ್ಯಾರೇಜಿನ ದಾರಿ ತೋರಿಸುತ್ತಿದ್ದ.

ಈಗ ಅವನು ತೆವಳಿ ಹೊರಬಂದು ಚಪ್ಪಲಿ ಮೆಟ್ಟಿದ. ಆ ಮೆಕ್ಯಾನಿಕ್‌ಗೆ ನಾಲ್ಕು ಜನರ ಮುಂದೆ ನೀರಿಳಿಸಿಯೇ ಬರುತ್ತೇನೆ ಎಂದ.

"ಎಲ್ಲಿಗೂ ಹೋಗ್ಬೇಡಿ," ಎಂದಳು ಆಕೆ. "ಅದನ್ನ ಬಿಗಿದಿದ್ದು ನಾನು."

ಬೀಗದಿಂದ ಹಿಡಿದು ಕೊಳವೆಯವರೆಗೆ ಒಂದೂ ಬಿಡದೆ ಹೇಳಿದಳು. ಅವನು ಆಕೆಯ ತೋಳು ನೋಡಿದ, ಕಾರು ನೋಡಿದ.

"ಮತ್ತೆ ನಾನು ಇಷ್ಟು ದಿನ ಅವನನ್ನ ಹೊಗಳ್ತಿದ್ನಲ್ಲ?"

"ಅದೂ ನನಗೇ ಸೇರ್ಬೇಕಾದ್ದು."

ಅವನು ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗಿಂದ ಗಡಿಯಾರದ ಕೆಲಸದ ಅರಗಳ ಡಬ್ಬಿ ತಂದು ಮತ್ತೆ ಕಾರಿನಡಿ ಸೇರಿದ. ಬೋಲ್ಟಿನ ತಲೆಯ ಎರಡು ಬದಿಗಳನ್ನು ಎದುರುಬದುರಾಗಿ ಉಜ್ಜತೊಡಗಿದ. ಕೂದಲೆಳೆಯಷ್ಟು ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಮುಕ್ಕಾಲು ಗಂಟೆಯಾದ ಮೇಲೆ ಒಂದು ಅಳತೆ ಚಿಕ್ಕ ಸ್ಪ್ಯಾನರನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ. ಅದು ಕಚ್ಚಿಕೊಂಡಿತು. ಎರಡು ಸಲ ಎಳೆದ. ಸೊಂಟ ಚುಳುಕ್ಕೆಂದಿತು.

"ಬಾ, ಬಿಗಿದವಳು ನೀನೇ ತಾನೇ? ಬಿಚ್ಚು."

ಆಕೆ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಮಲಗಿ, ಎರಡೂ ಕೈ ಹಾಕಿ ಎಳೆದಳು. ಲಟಕ್ಕೆಂದು ಸದ್ದಾಯಿತು. ಮುರಿದೇಹೋಯಿತು ಎಂದುಕೊಂಡರು ಇಬ್ಬರೂ. ಮುರಿದಿರಲಿಲ್ಲ, ತಿರುಗಿತ್ತು. ಕಪ್ಪು ಆಯಿಲ್ ಧಾರೆಯಾಗಿ ಇಳಿಯಿತು. ಗಂಡ ಕೈ ಹಿಂದಕ್ಕೆಳೆಯುವುದನ್ನೇ ಮರೆತು ಮೊಣಕೈವರೆಗೆ ತೋಯಿಸಿಕೊಂಡ. ಬೋಲ್ಟು ಕೂರುವ ತೂತಿನೊಳಗಿನ ತಿರುಪು ಗೆರೆಗಳನ್ನು ಟಾರ್ಚು ಬಿಟ್ಟು ನೋಡಿ, ಏನೂ ಆಗಿಲ್ಲ ಎಂದ.

ಅವನು ಹೊಸ ಬೋಲ್ಟು, ವಾಷರ್ ತಂದು, ಸ್ಪ್ಯಾನರನ್ನು ಆಕೆಯ ಕೈಗೇ ಕೊಟ್ಟ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಆಕೆಗೆ ಸಾಕು ಅನಿಸುವ ಮೊದಲೇ ಸಾಕು ಎಂದ. ಇಷ್ಟೇನಾ ಎಂದು ಆಕೆ ಕೇಳಿದ್ದಕ್ಕೆ ಇಷ್ಟೇ ಎಂದ. ಆಕೆಗೆ ನಂಬಿಕೆ ಬರಲಿಲ್ಲ. ಹೊಸ ಆಯಿಲ್ ತುಂಬಿ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ, ತಾನೇ ರಟ್ಟಿನ ಮೇಲೆ ಮಲಗಿ ಬೆರಳಾಡಿಸಿ ನೋಡಿದಳು. ಬೆರಳಿಗೆ ಜಿಡ್ಡು ಹತ್ತಲಿಲ್ಲ.

ಕೈ ತೊಳೆಯುವಾಗ ಗಂಡ, ಅವತ್ತು ಚಕ್ರಗಳ ಅಡಿಗೆ ಏನಿಟ್ಟಿದ್ದೆ ಎಂದು ಕೇಳಿದ.

"ಏನೂ ಇಲ್ಲ. ಬೇಕರಿ ಹಿಂದೆ ಒಂದು ಒಣಗಿದ ಕಾಲುವೆ ಇದೆಯಲ್ಲ, ಚಕ್ರ ಆ ಕಡೆ ಈ ಕಡೆ ಬರೋ ಹಾಗೆ ನಿಲ್ಲಿಸಿ, ನಾನು ಕಾಲುವೆಗಿಳಿದು ಮಲ್ಕೊಂಡೆ."

ಅವನು ಸೋಪನ್ನು ಆಕೆಯ ಕಡೆ ಸರಿಸಿದ.

"ಮುಂದಿನ ಸಲ ಅಲ್ಲೇ ಮಾಡೋಣ," ಎಂದ.