ಹದಿನೆಂಟನೆಯ ಪ್ರಶ್ನೆ

ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಾಳೆ, ಈಕೆಯೂ ಕಚ್ಚುತ್ತಾಳೆ, ನೀಲಿ ಪ್ಲಾಸ್ಟಿಕ್ಕಿನ ಮೇಲೆ ಹಲ್ಲಿನ ಗುರುತು, ಇದನ್ನೇ ಅಲ್ಲವೇ ನನ್ನ ಮಗಳ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು, ಪೆನ್ನು ಕಚ್ಚುತ್ತಾಳೆ, ಪಾಠದ ಕಡೆ ಲಕ್ಷ್ಯವಿಲ್ಲ, ಪೋಷಕರು ಗಮನಿಸಿ — ಗಮನಿಸುತ್ತಿದ್ದೇನೆ ಮೇಡಂ, ಒಂಬತ್ತು ತಿಂಗಳಿಂದ ನನಗೆ ಅದೇ ಕೆಲಸ, ಈಗಂತೂ ನಿಮ್ಮ ತಲೆಯ ಮೇಲೆಯೇ ನಿಂತು ಗಮನಿಸುತ್ತಿದ್ದೇನೆ. ಮಗಳ ಕ್ಲಾಸ್ ಟೀಚರು ಕಾರಿಡಾರಿನ ಗಿಡ್ಡ ಬೆಂಚಿನ ಮೇಲೆ, ನಾಲ್ಕನೆಯ ತರಗತಿಯ ಮಕ್ಕಳು ಕೂರುವ ಬೆಂಚಿನ ಮೇಲೆ, ಮಂಡಿ ಎದೆಗೆ ಬರುವಂತೆ ಕೂತಿದ್ದಾರೆ, ಕೂತಿದ್ದಾಳೆ, ಮನಸ್ಸಿನೊಳಗೂ ಯಾಕೆ ಬಹುವಚನ ಕೊಡಬೇಕು, ಪಕ್ಕದಲ್ಲಿ ದೊಡ್ಡ ಕುರ್ಚಿ ಇತ್ತು, ಅದರ ಮೇಲೆ ನನ್ನ ಚೀಲ ಇಟ್ಟೆ, ಬೇಕೆಂದೇ ಇಟ್ಟೆ. ತೊಡೆಯ ಮೇಲೆ ಫಾರ್ಮು, ನಾಲ್ಕನೆಯ ಪ್ರಶ್ನೆಗೇ ಆಕಳಿಕೆ. ಗಟ್ಟಿಯಾಗಿ ಓದಿ ಮೇಡಂ, ನಂಗೂ ಕೇಳಲಿ, ಎಂದೆ. ಮನಸ್ಸಲ್ಲೇ ಓದ್ಕೋತೀನಲ್ಲ. ಹಾಗೆ ಓದಿದ್ದಕ್ಕೇ ಅಲ್ವಾ ಹೀಗಾಗಿದ್ದು. ಮುಖ ಕೆಂಪಾಯಿತು, ಕಿವಿಯ ತುದಿಯವರೆಗೂ, ನೋಡುತ್ತ ನಿಂತೆ, ತಣ್ಣಗಿನ ನೀರು ಕುಡಿದ ಹಾಗಾಯಿತು.

ಬೆಳಿಗ್ಗೆ ಆಪ್ತಸಲಹೆಗಾರ್ತಿ ಫೋನ್ ಮಾಡಿದ್ದರು, ಮಗಳಿಗಿರುವುದು ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ತೊಂದರೆ, ಸೋಮಾರಿತನ ಅಲ್ಲ ಎಂದು ಮೊದಲು ಹೇಳಿದವರು ಅವರೇ, ವಾರ್ಷಿಕ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡಿಸಬಹುದು, ಎರಡು ಫಾರ್ಮ್ ಬೇಕು, ಮನೆಯದು ನೀವು ತುಂಬಿ, ಶಾಲೆಯದು ಟೀಚರ್ ತುಂಬಲಿ ಎಂದವರೂ ಅವರೇ. ಟೀಚರ್ ಕೊಟ್ಟಿರೋದು ನಡೆಯಲ್ಲಮ್ಮ, ನೀವೇ ಬಂದು ನೋಡಿ. ನೋಡಿದೆ. ಕರಡು ತಿದ್ದುವವಳು ನಾನು, ಒಂದು ಅಲ್ಪವಿರಾಮ ಬಿದ್ದುಹೋದರೂ ಕಣ್ಣಿಗೆ ಚುಚ್ಚುತ್ತದೆ, ಇಪ್ಪತ್ತೆರಡು ಟಿಕ್ಕು ಒಂದರ ಕೆಳಗೊಂದು, ಎಲ್ಲವೂ ‘ಯಾವಾಗಲೂ’ ಎಂಬ ಕೊನೆಯ ಮನೆಯಲ್ಲಿ — ಕೂತಲ್ಲಿ ಕೂರುವುದಿಲ್ಲ, ಯಾವಾಗಲೂ, ಕೊಟ್ಟ ಕೆಲಸವನ್ನು ಸಮಾಧಾನದಿಂದ ಮುಗಿಸುತ್ತಾಳೆ, ಯಾವಾಗಲೂ, ಹೇಳಿದ್ದನ್ನು ಮರೆಯುತ್ತಾಳೆ, ಯಾವಾಗಲೂ. ಓದದೆ ಗೀಚುವವರನ್ನು ಹಿಡಿಯಲೆಂದೇ ನಡುನಡುವೆ ಉಲ್ಟಾ ಪ್ರಶ್ನೆ ಇಟ್ಟಿರುತ್ತಾರಂತೆ. ಗಮನವಿಲ್ಲ ಗಮನವಿಲ್ಲ ಎಂದು ವರ್ಷವೆಲ್ಲ ಬರೆದವಳು ಗಮನದ ಫಾರ್ಮನ್ನೇ ಗಮನವಿಟ್ಟು ಓದಲಿಲ್ಲ, ಶಾಲೆಗೆ ಬರುವ ಆಟೋದಲ್ಲಿ ಒಬ್ಬಳೇ ನಕ್ಕೆ, ಡ್ರೈವರು ಕನ್ನಡಿಯಲ್ಲಿ ನೋಡಿದ. ಸಂಜೆ ಐದರೊಳಗೆ ಹೊಸದು ಬೇಕು, ಇವತ್ತೇ ಕೊನೇ ದಿನ. ದೂರು ಗೀರು ಅಂತ ಹೋಗ್ಬೇಡ ಮಾರಾಯ್ತಿ, ಕೈಮುಗಿದು ತುಂಬಿಸ್ಕೊಂಡು ಬಾ, ಎಂದರು ಮನೆಯವರು. ಕೈ ಮುಗಿಯಲಿಲ್ಲ. ಇಲ್ಲೇ ಕೂತು ಒಂದೊಂದೇ ಓದಿ ತುಂಬ್ತೀರೋ, ಹಳೇ ಫಾರ್ಮ್ ಹಿಡ್ಕೊಂಡು ಹೆಡ್‌ಮಿಸ್ ಹತ್ರ ಹೋಗ್ಲೋ, ಎಂದೆ, ಕೂತಳು. ಹಳೆಯದರ ನಕಲು ಚೀಲದಲ್ಲಿದೆ, ಹೊಸದು ಕೈಗೆ ಬಂದಮೇಲೆ ಅದನ್ನೂ ಹೆಡ್‌ಮಿಸ್ ಮೇಜಿನ ಮೇಲೆ ಇಟ್ಟೇ ಹೋಗುವವಳು ನಾನು, ಅದನ್ನು ಇವಳಿಗೆ ಹೇಳಿಲ್ಲ.

ನನ್ನ ಮಗಳಿಗೆ ಬುಗುರಿ ಎಂದು ಹೆಸರಿಟ್ಟವಳು ಇವಳೇ, ಬಂತಪ್ಪ ನಮ್ಮ ಬುಗುರಿ, ಇನ್ನು ನಿಲ್ಲೋದು ಮುಂದಿನ ವರ್ಷವೇ, ಇಡೀ ತರಗತಿ ನಕ್ಕಿತಂತೆ, ನನ್ನ ಮಗಳೂ ನಕ್ಕಳಂತೆ, ಅಮ್ಮಾ ನಾನೇ ಎಲ್ರಿಗಿಂತ ಜಾಸ್ತಿ ನಕ್ಕೆ ಗೊತ್ತಾ. ಗಣಿತದ ಉತ್ತರಪತ್ರಿಕೆ ಬಂದ ದಿನ ಹತ್ತು ಲೆಕ್ಕದಲ್ಲಿ ಆರು ಮಾಡಿದ್ದಳು, ಆರೂ ಸರಿ, ಉಳಿದ ನಾಲ್ಕರ ಜಾಗದಲ್ಲಿ ಬರೀ ಸಂಖ್ಯೆ ಹಾಕಿ ಬಿಟ್ಟ ಬಿಳಿ ಹಾಳೆ, ಟೈಮ್ ಆಯ್ತು ಅಂತ ಕಿತ್ಕೊಂಡ್ರು ಅಮ್ಮ, ಕೆಳಗೆ ಕೆಂಪಿನಲ್ಲಿ, ಪ್ರಯತ್ನ ಸಾಲದು. ಯಾರ ಪ್ರಯತ್ನ ಸಾಲದು, ಓದು, ಈಗ ಓದು, ಹದಿನೇಳು, ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುತ್ತಾಳೆ, ಪದೇಪದೇ, ಆಗಲಿ, ಒಪ್ಪುತ್ತೇನೆ, ಹದಿನೆಂಟು, ತನ್ನ ಸರದಿ ಬರುವವರೆಗೆ ಕಾಯುತ್ತಾಳೆ — ಪೆನ್ನು ನಿಂತಿತು, ಸರಿಯಿತು, ಕೊನೆಯ ಮನೆಗೆ ಹೋಗಿ ಟಿಕ್ಕು ಹಾಕಿತು.

ಸಿಕ್ಕಿದಳು ಮತ್ತೆ. ಯಾವಾಗಲೂ ಅಂತ ಹಾಕಿದ್ರಲ್ಲ ಮೇಡಂ, ಮತ್ತೆ ಓದದೇ ಹಾಕಿದ್ರಾ. ಓದೇ ಹಾಕಿದ್ದು. ನಿಮ್ಮ ಬುಗುರಿ ಕಾಯ್ತಾಳಾ, ಎಂದೆ. ತಲೆ ಎತ್ತದೆಯೇ ಹೇಳಿದಳು. ಕೈ ಎತ್ಕೊಂಡು ಕೂತಿರ್ತಾಳೆ, ನಾನು ಪ್ರಶ್ನೆ ಕೇಳೋಕೆ ಶುರು ಮಾಡಿದ ತಕ್ಷಣ ಎತ್ತುತ್ತಾಳೆ, ಕೈ ಸೋತ್ರೆ ಇನ್ನೊಂದು ಕೈಲಿ ಮೊಣಕೈ ಹಿಡ್ಕೋತಾಳೆ, ಇಳಿಸಲ್ಲ. ನೀವು ಕೇಳಲ್ವಾ ಅವಳನ್ನ. ಕೇಳಿದ್ರೆ ಒಂದಕ್ಕೆ ಹತ್ತು ಹೇಳ್ತಾಳೆ, ಪೀರಿಯಡ್ಡೇ ಮುಗಿದುಹೋಗುತ್ತೆ, ನಲವತ್ತಾರು ಮಕ್ಕಳು ನಂಗೆ. ಅಂದ್ರೆ ಕೇಳೋದೇ ಇಲ್ಲ. ಇಲ್ಲ. ಎಷ್ಟು ದಿನದಿಂದ. ಶುರುವಿನಿಂದ.

ಶುರುವಿನಿಂದ, ಒಂಬತ್ತು ತಿಂಗಳು, ಭುಜ ನೋಯ್ತಿದೆ ಅಮ್ಮಾ ಎಂದಾಗಲೆಲ್ಲ ಚೀಲದ ಭಾರ ಎಂದುಕೊಂಡೆ, ಪುಸ್ತಕ ಎರಡು ಕಡಿಮೆ ಮಾಡಿದೆ, ಬಲಭುಜ ಒಂದೇ ಯಾಕೆ ಎಂದು ಕೇಳಲಿಲ್ಲ, ಅಲ್ಪವಿರಾಮ ಹಿಡಿಯುವ ನಾನು ಕೇಳಲಿಲ್ಲ — ಹತ್ತೊಂಬತ್ತನೇದು ಓದ್ಲಾ, ಎನ್ನುತ್ತಿದ್ದಾಳೆ — ಎತ್ತಿದ ಕೈ, ಓದ್ಲಾ ಮೇಡಂ, ಎನ್ನುತ್ತಿದ್ದಾಳೆ, ನನ್ನನ್ನು ಮೇಡಂ ಎನ್ನುತ್ತಿದ್ದಾಳೆ, ಎತ್ತಿದ ಕೈ, ಅದರ ಮೊಣಕೈಗೆ ಆನಿಸಿದ ಇನ್ನೊಂದು ಪುಟ್ಟ ಕೈ, ಎತ್ತಿದ ಕೈ