ಮಿಲಿಟರಿ ಲಾರಿಯ ಹೆಚ್ಚುವರಿ ತಂತಿಗಳು

ಪುಣೆಯ ದಾರಿಯಲ್ಲಿ ಭಿಗವಣ ದಾಟಿ ಸ್ವಲ್ಪ ದೂರ ಬಂದಾಗ ಲಾರಿಯ ಹಿಂಬದಿಯಲ್ಲಿ ಹೊಗೆ ಎದ್ದಿತು. ಇಂದಾಪುರದಿಂದ ತುಂಬಿಕೊಂಡು ಬಂದ ಬೆಲ್ಲದ ಪೆಂಟೆಗಳ ಮೇಲೆ ಇಬ್ಬರು ಹಮಾಲರು ಕುಳಿತಿದ್ದರು. ಪೆಂಟೆಗಳ ಕೆಳಗೆ ರವದಿ, ಅಂದರೆ ಕಬ್ಬಿನ ಒಣ ಗರಿ, ಹಾಸಿತ್ತು. ಹೊಗೆ ಬರುತ್ತಿದ್ದದ್ದು ಅಲ್ಲಿಂದಲೇ. ಹಮಾಲರು ಕೂಗಿಕೊಂಡರೂ ಇಂಜಿನ್ನಿನ ಸದ್ದಿನಲ್ಲಿ ಡ್ರೈವರ್ ಫಕೀರಪ್ಪನಿಗೆ ಏನೂ ಕೇಳಿಸಲಿಲ್ಲ. ಕೊನೆಗೆ ಒಬ್ಬ ಪೆಂಟೆಗಳ ಮೇಲೆ ತೆವಳಿಕೊಂಡು ಮುಂದೆ ಬಂದು ಕ್ಯಾಬಿನ್ನಿನ ತಗಡನ್ನು ಎರಡೂ ಕೈಯಿಂದ ಬಡಿದ.

ಫಕೀರಪ್ಪ ಲಾರಿ ನಿಲ್ಲಿಸಿ ಇಳಿದು ನೋಡುವಷ್ಟರಲ್ಲಿ ರವದಿಗೆ ಉರಿ ಹತ್ತಿತ್ತು. ಹಮಾಲರು ರಸ್ತೆಬದಿಯ ಮಣ್ಣು ತೂರತೊಡಗಿದರು. ಫಕೀರಪ್ಪ ಕ್ಯಾಬಿನ್ನಿನ ಕಾಲಹಲಗೆ ಕಿತ್ತು, ಅದರ ಕೆಳಗಿದ್ದ ಬ್ಯಾಟರಿಯ ದಪ್ಪ ತಂತಿಯನ್ನು ಬರಿಗೈಯಿಂದಲೇ ಎಳೆದು ತೆಗೆದ. ಅಂಗೈ ಸುಟ್ಟಿತು, ಆದರೆ ಬೆಂಕಿ ಮತ್ತೆ ಹುಟ್ಟಲಿಲ್ಲ. ಒಂದು ಸಾಲು ಬೆಲ್ಲ ಕರಗಿ ಕಪ್ಪಾಗಿತ್ತು. ಉಳಿದದ್ದೆಲ್ಲ ನೆಟ್ಟಗಿತ್ತು.

ಲಾರಿ ಚನ್ನಬಸವ್ವನದು. ಧಾರವಾಡದ ಕಡೆಯಿಂದ ಬಂದು ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ಅಂಗಡಿ ಇಟ್ಟಿದ್ದ ಅವಳ ಗಂಡ ಸಿದ್ರಾಮಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಎರಡನೇ ಮಹಾಯುದ್ಧ ಮುಗಿದಿತ್ತು. ಮಿಲಿಟರಿಯವರು ಬೇಡವಾದ ಗಾಡಿಗಳನ್ನು ಹರಾಜು ಹಾಕುತ್ತಿದ್ದರು. ಪೇಠೆಯ ಹಿರಿಯರು ಬೇಡವೆಂದರೂ ಕೇಳದೆ ಅವಳು ಈ ಲಾರಿಯನ್ನು ಹಿಡಿದಿದ್ದಳು. ಫಕೀರಪ್ಪನನ್ನು ಡ್ರೈವರ್ ಎಂದು ಇಟ್ಟುಕೊಂಡವಳೂ ಅವಳೇ. ಗದಗದ ಹತ್ತಿರದ ಹಳ್ಳಿಯವನು, ಪಲ್ಟನ್ನಿನಲ್ಲಿದ್ದು ಬಂದವನು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

ಎತ್ತು ಕಟ್ಟಿ ಎಳೆಸಿಕೊಂಡು ಬಂದ ಲಾರಿ ಅಂಗಡಿಯ ಹಿಂದಿನ ಬಯಲಲ್ಲಿ ನಿಂತಾಗ ಪೇಠೆಯವರು ಒಬ್ಬೊಬ್ಬರಾಗಿ ಬಂದು ನೋಡಿ ಹೋದರು. ಮಾರಿಬಿಡು ಎಂದು ಹೇಳದವರೇ ಇಲ್ಲ. ಚನ್ನಬಸವ್ವ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದಳು. ಆಮೇಲೆ ಫಕೀರಪ್ಪನನ್ನು ಕರೆದಳು.

"ಬೆಂಕಿ ಯಾಕ ಹತ್ತಿತು, ಹೇಳು."

"ತಂತಿ ಸುಟ್ಟಾವ್ರಿ ಅವ್ವಾರ. ಲಾರಿ ಕಂಪನ್ಯಾವ್ರು ಹಾಕಿದ ತಂತಿ ಬ್ಯಾರೆ ಅದಾವ. ಮಿಲಿಟರ‍್ಯಾಗ ಯಾರ‍್ಯಾರೋ ತಮಗ ಬೇಕಾದಂಗ ಒಂದೊಂದು ಎಳಕೊಂಡಾರ. ಹೆಚ್ಚಿಂದೆಲ್ಲಾ ಕತ್ತರಿಸಿ ಒಗದ್ರ ಆತು."

"ಯಾವುದು ಹೆಚ್ಚಿಂದು, ಯಾವುದು ಬೇಕಾದ್ದು, ನಿನಗ ಗೊತ್ತಾಗ್ತದೇನು?"

ಚನ್ನಬಸವ್ವ ಬ್ಯಾಟರಿ ಅಂಗಡಿಯ ಅವಧೂತನಿಗೆ ಹೇಳಿಕಳಿಸಿದಳು.

ಅವಧೂತ ಅಕ್ಕಲಕೋಟೆಯವನು, ಕನ್ನಡ ಬರುತ್ತಿತ್ತು. ಅವನು ಮೊದಲು ಮಾಡಿದ್ದು ಒಂದೇ ಕೆಲಸ. ಬ್ಯಾಟರಿಯ ಒಂದು ತುದಿಗೂ ಅದರಿಂದ ಬಿಚ್ಚಿದ ದಪ್ಪ ತಂತಿಗೂ ನಡುವೆ ಒಂದು ಸಣ್ಣ ಬಲ್ಬು ಕಟ್ಟಿದ. ಲಾರಿಯ ಎಲ್ಲ ಸ್ವಿಚ್ಚುಗಳೂ ಬಂದ್ ಇದ್ದವು. ಆದರೂ ಬಲ್ಬು ಜೋರಾಗಿ ಉರಿಯಿತು.

"ನೋಡ್ರಿ ಅವ್ವಾರ, ಎಲ್ಲಾ ಬಂದ್ ಅದ, ಆದ್ರೂ ಕರೆಂಟ್ ಸೋರ‍್ಲಿಕ್ಕತ್ತದ. ಈ ದೀಪ ಆರೂತನಕ ಹುಡುಕೋಣ."

ಕಂಪನಿ ತಂತಿಗಳನ್ನು ಗುರುತಿಸುವುದು ಬಹುಮಟ್ಟಿಗೆ ಸುಲಭವಾಗಿತ್ತು. ಅವು ನೂಲಿನ ಹೊದಿಕೆಯೊಳಗೆ ಒಟ್ಟಾಗಿ ಹೊರಟು, ಒಂದೊಂದೂ ತನ್ನ ಜಾಗಕ್ಕೆ ಬಂದಾಗ ಬೇರೆಯಾಗುತ್ತಿದ್ದವು. ತುದಿಗಳಿಗೆ ಬೆಸುಗೆ ಹಾಕಿತ್ತು. ಆಮೇಲೆ ಸೇರಿಸಿದವು ಒಂಟಿ ಒಂಟಿಯಾಗಿ ಅಡ್ಡಾದಿಡ್ಡಿ ಓಡಿದ್ದವು. ಸಿಪ್ಪೆ ಸುಲಿದು ಕೈಯಿಂದ ತಿರುಚಿದ ಗಂಟುಗಳ ಮೇಲೆ ಟೇಪು ಸುತ್ತಿತ್ತು. ಹಿಂಬದಿಯ ಒಂದು ದೀಪಕ್ಕಾಗಿ ಎಳೆದ ತಂತಿ ಉಕ್ಕಿನ ಚೌಕಟ್ಟಿನ ತೂತಿನಲ್ಲಿ ಹಾದುಹೋಗಿತ್ತು. ತೂತಿನ ಅಂಚಿಗೆ ರಬ್ಬರಿನ ಬಳೆ ಇರಲಿಲ್ಲ. ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಒಳಗಿನ ತಾಮ್ರ ಹೊರಬಿದ್ದಿತ್ತು. ರವದಿಗೆ ಕಿಡಿ ಹಾರಿದ್ದು ಅಲ್ಲಿಂದ. ಅವಧೂತ ಅದನ್ನು ಬುಡದಿಂದ ತುದಿಯವರೆಗೆ ಬಿಚ್ಚಿ ತೆಗೆದಾಗ ಬಲ್ಬು ಮಂಕಾಯಿತು, ಆದರೆ ಆರಲಿಲ್ಲ.

ಇನ್ನೊಂದು ತಂತಿ ಕ್ಯಾಬಿನ್ನಿನ ಚಾವಣಿಗೆ ಹೋಗಿತ್ತು. ಅಲ್ಲಿದ್ದ ದೀಪವನ್ನು ಯಾರೋ ಕಿತ್ತುಕೊಂಡು, ಬರಿಯ ತುದಿಯನ್ನು ಹಾಗೇ ಬಿಟ್ಟಿದ್ದರು. ಅದನ್ನು ತೆಗೆದ ಮೇಲೆ ಬಲ್ಬು ಆರಿತು. ಫಕೀರಪ್ಪನ ಮುಖ ಅರಳಿತು.

"ಇನ್ನೂ ಒಂದದ," ಎಂದ ಅವಧೂತ. "ಇದು ಸೋರವಲ್ಲದು, ಆದ್ರ ಎಲ್ಲಿಗೆ ಹೋಗ್ತದ ತಿಳೀವಲ್ದು."

ಆ ತಂತಿ ಹಿಂಬದಿಯ ಹಲಗೆಗಳ ಹಿಂದೆ ಮಾಯವಾಗಿತ್ತು. ಒಂದು ಹಲಗೆ ಕಿತ್ತಾಗ ಒಳಗೊಂದು ಹಿತ್ತಾಳೆಯ ಗುಂಡಿ ಕಂಡಿತು. ಅವಧೂತ ಬ್ಯಾಟರಿಯನ್ನು ನೇರವಾಗಿ ಜೋಡಿಸಿ ಬಂದು ಗುಂಡಿ ಒತ್ತಿದ. ಮುಂದೆ, ಡ್ರೈವರ್ ಸೀಟಿನ ಕೆಳಗೆ ಗಂಟೆ ಮೊಳಗಿತು.

ಸೀಟಿನ ಮೇಲೆ ಕುಳಿತಿದ್ದ ಫಕೀರಪ್ಪ ಬಾಗಿಲು ತೆರೆದು ಕೆಳಗೆ ಹಾರಿದ. "ಸಾಕು, ಬಿಡೋ!" ಎಂದು ಕೂಗಿದ. ಅವನು ಹಾಗೆ ದನಿ ಎತ್ತಿದ್ದನ್ನು ಚನ್ನಬಸವ್ವ ಎಂದೂ ಕೇಳಿರಲಿಲ್ಲ.

ಅವಧೂತ ಹೊಸ ಟೇಪು ತರಲು ತನ್ನ ಅಂಗಡಿಗೆ ಹೋದ. ಅವನು ತಿರುಗಿ ಬರುವುದರೊಳಗೆ ಫಕೀರಪ್ಪ ಇಕ್ಕಳ ತೆಗೆದುಕೊಂಡು ಬಾನೆಟ್ಟಿನೊಳಗೆ ಕೈ ಹಾಕಿದ್ದ. ಟೇಪು ಸುತ್ತಿದ ಕರಿ ತಂತಿಯೊಂದು ಕಂಡಿತು. ಗಂಟೆಯದು ಇದೇ ಎಂದು ಕತ್ತರಿಸಿದ. ಅವಧೂತ ಬಂದು ಲಾರಿ ಚಾಲೂ ಮಾಡಲು ಹೋದರೆ ಇಂಜಿನ್ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ.

"ಇದನ್ನ ಯಾಂವ ಕಡಿದಾಂವ?" ಅವಧೂತ ಸಿಟ್ಟಾದ. "ಇದು ಕಂಪನಿ ತಂತಿ. ಎಂದೋ ಹರಿದಿತ್ತು, ಜೋಡಿಸಿ ಟೇಪ್ ಸುತ್ತ್ಯಾರ. ಟೇಪ್ ಇದ್ದದ್ದೆಲ್ಲಾ ಹೊರಗಿಂದಲ್ಲೋ ಮಾರಾಯ! ಎರಡೂ ತುದಿ ನೋಡಿ ಕಡೀಬೇಕು."

ಫಕೀರಪ್ಪ ಇಕ್ಕಳವನ್ನು ಅವನ ಕೈಗೆ ಕೊಟ್ಟು, ಬೆಲ್ಲದ ಗೋದಾಮಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಚನ್ನಬಸವ್ವ ನೀರಿನ ಚೊಂಬು ಹಿಡಿದು ಅಲ್ಲಿಗೆ ಬಂದಳು.

"ಆ ಗಂಟಿ ಏನು ಮಾಡ್ಯದ ನಿನಗ?"

ಅವನು ನೀರು ಕುಡಿದು ಚೊಂಬು ಕೆಳಗಿಟ್ಟ. "ಇಂಥಾ ಲಾರ‍್ಯಾಗನ ನನ್ನ ದವಾಖಾನಿಗೆ ಒಯ್ದಿದ್ರು ಅವ್ವಾರ, ಬರ್ಮಾ ಗಡಿಯೊಳಗ. ಕಾಲಿಗೆ ಪೆಟ್ಟಾಗಿತ್ತು. ನನ್ನ ಬಾಜೂಕ ಒಬ್ಬ ಪಂಜಾಬಿ ಹುಡುಗ, ಹೊಟ್ಟಿಗೆ ಗುಂಡು ಹತ್ತಿತ್ತು. ಅಂವ ನೀರು ನೀರು ಅಂತಿದ್ದ. ಗುಂಡಿ ನನ್ನ ತಲಿಹತ್ರ ಇತ್ತು. ಒತ್ತಿದೆ. ಗಾಡಿ ನಿಲ್ಲಲಿಲ್ಲ. ಮತ್ತ ಒತ್ತಿದೆ, ಒತ್ತಿಕೋತನ ಹೋದೆ. ಆ ರಸ್ತಾದಾಗ ನಿಲ್ಲಬ್ಯಾಡ ಅಂತ ಡ್ರೈವರಗ ಹುಕುಂ ಇತ್ತಂತ, ಆಮ್ಯಾಲ ತಿಳೀತು. ಅಂವಂದೇನೂ ತಪ್ಪಿಲ್ಲ. ಗಾಡಿ ನಿಂತಾಗ ಆ ಹುಡುಗ ಹೋಗಿಬಿಟ್ಟಿದ್ದ."

ಚನ್ನಬಸವ್ವ ಅವನ ಪಕ್ಕದ ಕಲ್ಲಿನ ಮೇಲೆ ಕುಳಿತಳು. ಅಂಗಡಿಯ ಒಳಗಿನಿಂದ ಯಾರೋ ಕರೆದರೂ ಅವಳು ಏಳಲಿಲ್ಲ.

"ಹಮಾಲರಿಗೆ ಒಂದು ಗಂಟಿ ಇದ್ರ ಚಲೋ ಅಂತ ನನ್ನ ಮನಸಿನ್ಯಾಗ ಬಂದಿತ್ತು," ಎಂದಳು. "ಅಂದು ಅವರೊಳಗ ಒಬ್ಬಾಂವ ತೆವಳಿ ಬರದಿದ್ರ ಮೂರೂ ಮಂದಿ ಸುಡ್ತಿದ್ರಿ. ಆದ್ರ ಗಾಡಿ ಹೊಡಿಯಾಂವ ನೀನು. ನಿನಗ ಬ್ಯಾಡಂದ್ರ ತಗಸಿಬಿಡ್ತೀನಿ. ಹಗ್ಗ ಕಟ್ಟೋಣ, ಮತ್ತೊಂದು ಮಾಡೋಣ."

ಫಕೀರಪ್ಪ ಸುಟ್ಟ ಅಂಗೈಯ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. "ಹಿಂದ ಕೂತಾಂವ ಒತ್ತಿದ್ರ ನಾ ನಿಲ್ಲಸ್ತೀನ್ರಿ," ಎಂದ. "ನನಗ್ಯಾರ ಹುಕುಂ ಅದ? ಇರಲಿ ಬಿಡ್ರಿ. ಆದ್ರ ಆ ಹಳೀ ತಂತಿ ಬ್ಯಾಡ, ಹೊಸಾದು ಹಾಕಸ್ರಿ."

ಅವಧೂತ ಹಾಗೆಯೇ ಮಾಡಿದ. ಕಡಿದುಹೋದ ಕಂಪನಿ ತಂತಿಯನ್ನು ಬೆಸೆದ. ಗಂಟೆಗೆ ಹೊಸ ತಂತಿ ಎಳೆದು, ತೂತಿಗೆ ರಬ್ಬರಿನ ಬಳೆ ಕೂಡಿಸಿ, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಜ್ ಇಟ್ಟ. ಫಕೀರಪ್ಪ ಪಕ್ಕದಲ್ಲೇ ಕುಳಿತು, ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡ. ಅವಧೂತನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಕೊನೆಯ ಗಂಟುಗಳನ್ನು ಫಕೀರಪ್ಪನ ಕೈಯಿಂದಲೇ ಹಾಕಿಸಿದ.

ಮರುದಿನ ಲಾರಿ ಇಂದಾಪುರಕ್ಕೆ ಹೊರಡಬೇಕಿತ್ತು. ಆದರೆ ಹಮಾಲರು ಹತ್ತಲೊಲ್ಲರು. ಬೇರೆ ಗಾಡಿಯಾದರೆ ಬರುತ್ತೇವೆ, ಈ ಗಾಡಿಯಲ್ಲಿ ಬರುವುದಿಲ್ಲ ಎಂದು ಬೀಡಿ ಹಚ್ಚಿಕೊಂಡು ಗೋಡೆಗೆ ಒರಗಿ ನಿಂತರು. ಫಕೀರಪ್ಪ ತಿಳಿಹೇಳಿದ, ಅವಧೂತ ಮರಾಠಿಯಲ್ಲಿ ಆಣೆ ಹಾಕಿದ. ಅವರು ಜಗ್ಗಲಿಲ್ಲ.

ಚನ್ನಬಸವ್ವ ಅಂಗಡಿಯ ಬಾಗಿಲಿಗೆ ಕೀಲಿ ಹಾಕಿಕೊಂಡು ಬಂದಳು. ಸೆರಗು ಬಿಗಿದು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ಲಾರಿ ಕೊಂಡಂದಿನಿಂದ ಅವಳು ಅದರಲ್ಲಿ ಕುಳಿತವಳೇ ಅಲ್ಲ.

"ನಾನೂ ಬರ್ತೀನಿ. ಸುಟ್ರ ಎಲ್ಲಾರೂ ಕೂಡೇ ಸುಡೋಣ. ಹತ್ತರಿ."

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಡಿ ಆರಿಸಿ ಹಿಂದೆ ಹತ್ತಿದರು.

ಇಂದಾಪುರದ ಆಲೆಮನೆಯಲ್ಲಿ ಅವಳು ಬೆಲ್ಲದ ಪ್ರತಿ ಪೆಂಟೆಯನ್ನೂ ಉಗುರಿನಿಂದ ಕೆರೆದು, ಬಾಯಿಗೆ ಹಾಕಿಕೊಂಡು, ಉಪ್ಪಾಗಿದ್ದವನ್ನು ಬೇರೆ ಇಡಿಸಿದಳು. ಇಷ್ಟು ದಿನ ಅವೂ ಒಳ್ಳೆಯವುಗಳ ಜೊತೆ ಲಾರಿ ಹತ್ತುತ್ತಿದ್ದವು. ಆಲೆಮನೆಯವನು ಗೊಣಗಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಬೆಲ್ಲ ತರಲು ಪ್ರತಿ ಸಲವೂ ಅವಳೇ ಹೋಗತೊಡಗಿದಳು. ಫಕೀರಪ್ಪನ ಪಕ್ಕದ ಸೀಟಿನ ಮೇಲೆ ಮಡಿಸಿದ ಕಂಬಳಿಯೊಂದು ಅವಳಿಗಾಗಿಯೇ ಕಾಯಂ ಆಯಿತು.